ಮೊಬೈಲಿನ ಧ್ವನಿಯನ್ನು ಬ್ಲೂಟೂತ್ ಮೂಲಕ ಕಂಪ್ಯೂಟರಿನ ಸ್ಪೀಕರಿನಲ್ಲಿ ಕೇಳುವುದು ಹೇಗೆ? ಅನುಭವವಿರುವವರು ತಿಳಿಸಿ

ಪ್ರಶ್ನೆ: ನಮ್ಮ ತಂದೆಯವರು ಆಂಡ್ರಾಯ್ಡ್ ಮೊಬೈಲಿನಲ್ಲಿ ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಕೇಳುತ್ತಾರೆ. ಅದರ ಪುಟ್ಟ ಸ್ಪೀಕರಿನಲ್ಲಿ ಅರ್ಥಧಾರಿಗಳ ಮಾತು ಕೇಳಿಸುತ್ತದೆ, ಆದರೆ ಮದ್ದಳೆಯ ನಾದ ತೀರಾ ತೆಳುವಾಗಿಬಿಡುತ್ತದೆ. ಮನೆಯ ವಿಂಡೋಸ್ 10 ಕಂಪ್ಯೂಟರಿಗೆ ಒಳ್ಳೆಯ ಸ್ಪೀಕರುಗಳಿವೆ. ಎರಡನ್ನೂ ಬ್ಲೂಟೂತ್‌ನಲ್ಲಿ ಪೇರ್ ಮಾಡಿದ್ದರೂ ಧ್ವನಿ ಮೊಬೈಲಿನಿಂದಲೇ ಬರುತ್ತಿದೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ: ಪೇರ್ ಆದ ಮಾತ್ರಕ್ಕೆ ಧ್ವನಿ ಬರುವುದಿಲ್ಲ. ಬ್ಲೂಟೂತ್‌ನಲ್ಲಿ ಸಂಗೀತ ಸಾಗುವುದು ಎ2ಡಿಪಿ ಎಂಬ ಪ್ರೊಫೈಲಿನ (ಅಂದರೆ ಧ್ವನಿ ಸಾಗಿಸುವ ನಿಗದಿತ ಕ್ರಮದ) ಮೂಲಕ, ಮತ್ತು ಅದರಲ್ಲಿ ಕಳುಹಿಸುವುದು, ಸ್ವೀಕರಿಸುವುದು ಎಂಬ ಎರಡು ಪಾತ್ರಗಳಿವೆ. ಹೆಡ್‌ಫೋನಿಗೆ ಧ್ವನಿ ಕಳುಹಿಸಿ ರೂಢಿಯಿರುವ ಕಂಪ್ಯೂಟರು ಇಲ್ಲಿ ತಾನೇ ಸ್ವೀಕರಿಸುವ ಕಡೆಗೆ ಬರಬೇಕು. ವಿಂಡೋಸ್ 8ರಲ್ಲಿ ಇದಕ್ಕೆ ಅವಕಾಶವಿರಲಿಲ್ಲ. 2020ರ ಮೇ ತಿಂಗಳ ಅಪ್‌ಡೇಟಿನಲ್ಲಿ, ಅಂದರೆ ವಿಂಡೋಸ್ 10ರ 2004ನೆಯ ಆವೃತ್ತಿಯಲ್ಲಿ (ಇದು ಇಸವಿಯಲ್ಲ, ಆವೃತ್ತಿಯ ಸಂಖ್ಯೆ) ಈ ಸೌಲಭ್ಯ ಬಂದಿತು. ಆದ್ದರಿಂದ ಮೊದಲು ಸ್ಟಾರ್ಟ್ ಮೆನುವಿನಲ್ಲಿ ‘ವಿನ್‌ವರ್’ (winver) ಎಂದು ಇಂಗ್ಲಿಷಿನಲ್ಲಿ ಟೈಪಿಸಿ ನಿಮ್ಮ ಆವೃತ್ತಿಯನ್ನು ನೋಡಿಕೊಳ್ಳಿ. ಅದಕ್ಕಿಂತ ಹಳೆಯದಾಗಿದ್ದರೆ ಅಪ್‌ಡೇಟ್ ಮಾಡದೆ ಮುಂದಿನದು ಯಾವುದೂ ನಡೆಯದು.

ಸೌಲಭ್ಯ ಒಳಗಿದ್ದರೂ ವಿಂಡೋಸ್ 10ರ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲೂ ಮಾಡುವ ಗುಂಡಿಯಿಲ್ಲ. ಎಲ್ಲರೂ ಎಡವುವುದು ಇಲ್ಲಿಯೇ. ಮೈಕ್ರೋಸಾಫ್ಟ್ ಸ್ಟೋರಿನಿಂದ ‘ಬ್ಲೂಟೂತ್ ಆಡಿಯೋ ರಿಸೀವರ್’ ಎಂಬ ಚಿಕ್ಕ ಆ್ಯಪ್ ಹಾಕಿಕೊಳ್ಳಿ. ಅದನ್ನು ತೆರೆದಾಗ ಪೇರ್ ಆಗಿರುವ ಮೊಬೈಲಿನ ಹೆಸರು ಕಾಣುತ್ತದೆ. ಹೆಸರನ್ನು ಆರಿಸಿ ‘ಓಪನ್ ಕನೆಕ್ಷನ್’ ಒತ್ತಿದರೆ ಧ್ವನಿ ಸ್ಪೀಕರಿಗೆ ವರ್ಗವಾಗುತ್ತದೆ. ಆ್ಯಪ್ ಮುಚ್ಚಿದರೆ ಸಂಪರ್ಕವೂ ಹೋಗುತ್ತದೆ, ಆದುದರಿಂದ ಅದನ್ನು ಮಿನಿಮೈಸ್ ಮಾಡಿಡಿ. ಆಗಲೂ ಮೌನವಾಗಿದ್ದರೆ, ಮೊಬೈಲಿನ ಬ್ಲೂಟೂತ್ ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರಿನ ಪಕ್ಕದ ಚಕ್ರದ ಗುರುತನ್ನು ಮುಟ್ಟಿ ‘ಮೀಡಿಯಾ ಆಡಿಯೋ’ ಆನ್ ಆಗಿದೆಯೇ ಎಂದು ನೋಡಿ. ಅಲ್ಲಿಯೇ ‘ಫೋನ್ ಕಾಲ್ಸ್’ ಎಂಬುದೂ ಕಾಣಿಸಿದರೆ ಆಫ್ ಮಾಡುವುದು ಒಳ್ಳೆಯದು; ಹಿರಿಯರಿಗೆ ಬಂದ ಕರೆಯ ಮಾತು ಮೊಬೈಲಿನಲ್ಲಿಯೇ ಕೇಳಬೇಕಲ್ಲವೇ? ಧ್ವನಿಯ ಮಟ್ಟ ಎರಡು ಕಡೆಯೂ ಬೇರೆ ಬೇರೆಯಾಗಿರುವುದರಿಂದ, ಮೊಬೈಲಿನಲ್ಲಿ ಬಹುಪಾಲು ಏರಿಸಿಟ್ಟು ಸ್ಪೀಕರಿನ ತಿರುಗುಗುಂಡಿಯಲ್ಲಿ ಹದ ಮಾಡಿಕೊಳ್ಳುವುದು ನನಗೆ ಅನುಕೂಲವೆನಿಸಿದೆ.

ಇನ್ನೊಬ್ಬರ ಉತ್ತರ: ನಾನು ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುವವನು. ಇಲ್ಲಿ ಬೇರೆ ಆ್ಯಪ್ ಬೇಕಾಗಲಿಲ್ಲ. ಪೇರ್ ಮಾಡಿ ಮೊಬೈಲಿನಿಂದ ಕನೆಕ್ಟ್ ಒತ್ತಿದೊಡನೆ ಹಾಡು ಸ್ಪೀಕರಿನಲ್ಲಿ ಬಂದಿತು. ಆದರೆ ನಡುನಡುವೆ ಧ್ವನಿ ಕಡಿಯುತ್ತಿತ್ತು. ಬ್ಲೂಟೂತ್ ಮತ್ತು ಹಳೆಯ ಬಗೆಯ ವೈಫೈ ಎರಡೂ 2.4 ಗಿಗಾಹರ್ಟ್ಸ್ ತರಂಗಗಳನ್ನೇ ಬಳಸುವುದು ಅದಕ್ಕೆ ಕಾರಣವಾಗಿತ್ತು. ಕಂಪ್ಯೂಟರನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಾಯಿಸಿ, ಬ್ಲೂಟೂತ್ ಡಾಂಗಲನ್ನು (ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ಸಾಧನವನ್ನು) ಸಿಪಿಯು ಪೆಟ್ಟಿಗೆಯ ಹಿಂಬದಿಯಿಂದ ತೆಗೆದು ಮುಂಬದಿಗೆ ಸಿಕ್ಕಿಸಿದ ಮೇಲೆ ಆ ತೊಂದರೆ ನಿಂತಿತು.

ಮತ್ತೊಬ್ಬರ ಉತ್ತರ: ಕೇಳುವುದಕ್ಕಷ್ಟೇ ಆದರೆ ಬ್ಲೂಟೂತ್ ಸಾಕು. ವಿಡಿಯೋ ನೋಡುವುದಾದರೆ ಧ್ವನಿ ಕ್ಷಣಕಾಲ ಹಿಂದೆ ಬೀಳುವುದುಂಟು, ಆದ್ದರಿಂದ ಯಕ್ಷಗಾನದ ವಿಡಿಯೋಗಳನ್ನು ಕಂಪ್ಯೂಟರಿನಲ್ಲಿಯೇ ತೆರೆಯುವುದು ಮೇಲು. ಇನ್ನೊಂದು ಮಾತು: ನಿಮ್ಮ ಸ್ಪೀಕರಿನ ತಂತಿಯ ತುದಿಯಲ್ಲಿ 3.5 ಮಿಲಿಮೀಟರಿನ ಪಿನ್ ಇದ್ದು, ಮೊಬೈಲಿನಲ್ಲಿ ಹೆಡ್‌ಫೋನ್ ತೂತು ಇದ್ದರೆ, ಆ ಪಿನ್ನನ್ನು ನೇರವಾಗಿ ಮೊಬೈಲಿಗೇ ಸಿಕ್ಕಿಸಬಹುದು. ತಂದೆಯವರು ಪ್ರತಿ ಸಲವೂ ಕಂಪ್ಯೂಟರ್ ಹಾಕಬೇಕಾಗಿಲ್ಲ.