ಷೋಕೇಸಿನ ಗೂಡಿನಲ್ಲಿರುವ ಸೆಂಟರ್ ಸ್ಪೀಕರ್: ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಎಲ್ಲಿಡಬೇಕು?

ಪ್ರಶ್ನೆ

ನಮ್ಮ ಮನೆಯ ಹಾಲ್ 12 ಅಡಿ ಅಗಲ, 17 ಅಡಿ ಉದ್ದವಿದ್ದು, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದೇವೆ. ಅಗಲದ ಗೋಡೆಯ ನಡುವೆ 55 ಇಂಚಿನ ಟಿ.ವಿ. ಇದೆ, ಅದರ ಕೆಳಅಂಚು ನೆಲದಿಂದ ಮೂರಡಿ ಎತ್ತರದಲ್ಲಿದೆ. ಕೆಳಗೆ ಬಡಗಿಯಿಂದ ಮಾಡಿಸಿದ ಎರಡಡಿ ಎತ್ತರದ ಷೋಕೇಸ್ ಇದ್ದು, ಅದರ ನಡುವಿನ ಗೂಡಿನಲ್ಲಿ ಸೆಂಟರ್ ಸ್ಪೀಕರನ್ನು (ಎಡಬಲದ ಸ್ಪೀಕರುಗಳ ನಡುವೆ ಇದ್ದು, ಮುಖ್ಯವಾಗಿ ಮಾತನ್ನು ನುಡಿಸುವಂಥದ್ದು) ಒಳಗೆ ತಳ್ಳಿ ಇಟ್ಟಿದ್ದೇವೆ. ಸೋಫಾ ಹತ್ತು ಅಡಿ ದೂರದಲ್ಲಿದೆ. ಎಡಗೋಡೆಗೆ ಒರಗಿಸಿದ ದಿವಾನದ ಮೇಲೆ ನಮ್ಮ ತಾಯಿಯವರು ಕುಳಿತು ನೋಡುತ್ತಾರೆ.

ತೊಂದರೆ ಏನೆಂದರೆ, ಗಂಡಸರ ಮಾತು ಮಡಕೆಯೊಳಗಿಂದ ಬಂದಂತೆ ಕೇಳಿಸುತ್ತದೆ. ಅದಕ್ಕಾಗಿ ವಾಲ್ಯೂಮ್ ಏರಿಸಿದರೆ ಮರುಕ್ಷಣದ ಹೊಡೆದಾಟದ ಸದ್ದಿಗೆ ಕಿಟಕಿಯ ಗಾಜು ಅದುರುತ್ತದೆ. ದಿವಾನದಲ್ಲಿ ಕುಳಿತವರಿಗಂತೂ ಅರ್ಧ ಮಾತು ತಿಳಿಯುವುದೇ ಇಲ್ಲ. ಸ್ಪೀಕರನ್ನು ಟಿ.ವಿ.ಯ ಮೇಲೆ ಗೋಡೆಗೆ ಬಿಗಿಸುವುದು ಒಳಿತೇ, ಅಥವಾ ಬೇರೆಯದನ್ನೇ ಕೊಳ್ಳಬೇಕೇ? ಸ್ಪೀಕರ್ ಏಳು ಇಂಚು ಎತ್ತರ, ಹನ್ನೊಂದು ಇಂಚು ಆಳವಿದೆ. ತಗ್ಗು ಸ್ವರ ನುಡಿಸುವ ಎರಡು ವೂಫರ್‌ಗಳ ನಡುವೆ ಮೇಲಿನ ಸ್ವರ ನುಡಿಸುವ ಒಂದು ಟ್ವೀಟರ್ ಇದೆ.

ಉತ್ತರ 1

ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಕೊಟ್ಟಿರುವ ಅಳತೆಗಳ ಪ್ರಕಾರ ಷೋಕೇಸಿನ ಮೇಲ್ಹಲಗೆಗೂ ಟಿ.ವಿ.ಯ ಕೆಳಅಂಚಿಗೂ ನಡುವೆ ಒಂದಡಿ ಜಾಗ ಖಾಲಿಯಿದೆ. ಏಳು ಇಂಚಿನ ಪೆಟ್ಟಿಗೆ ಅಲ್ಲಿ ಧಾರಾಳವಾಗಿ ಕೂರುತ್ತದೆ.

ಗೂಡು ಏಕೆ ಕೆಟ್ಟದ್ದೆಂದರೆ, ಸ್ಪೀಕರಿನ ತಗ್ಗು ಸ್ವರಗಳು ಮುಂದಕ್ಕೆ ಮಾತ್ರ ಹೋಗದೆ ಪೆಟ್ಟಿಗೆಯ ಸುತ್ತಲೂ ಹರಡುತ್ತವೆ. ಮೂರೂ ಕಡೆ ಹಲಗೆಯಿದ್ದರೆ ಅವು ಅಲ್ಲೇ ಪ್ರತಿಫಲಿಸಿ, ಗೂಡಿನ ಗಾಳಿಯೊಂದಿಗೆ ಅನುರಣಿಸಿ, ನೂರರಿಂದ ಇನ್ನೂರು ಹರ್ಟ್ಸ್ ಆಸುಪಾಸಿನಲ್ಲಿ ಉಬ್ಬುತ್ತವೆ. ಗಂಡಸರ ದನಿಯ ಮೂಲ ಆವರ್ತನ ಇರುವುದೂ ಹೆಚ್ಚುಕಡಿಮೆ ಅಲ್ಲಿಯೇ. ಜೊತೆಗೆ, ಪೆಟ್ಟಿಗೆ ಒಳಗೆ ಸರಿದಿದ್ದರೆ ಅದರ ಮುಂದೆ ಉಳಿದ ಹಲಗೆಗೆ ತಾಗಿದ ಮೇಲ್ಸ್ವರಗಳು ನೇರ ಧ್ವನಿಯ ಬೆನ್ನಿಗೇ ಕಿವಿಗೆ ಬಂದು ವ್ಯಂಜನಗಳನ್ನು ಮಸುಕು ಮಾಡುತ್ತವೆ. ಆದ್ದರಿಂದ ಸ್ಪೀಕರನ್ನು ಮೇಲ್ಹಲಗೆಗೆ ತಂದು, ಅದರ ಮುಖ ಹಲಗೆಯ ಅಂಚಿಗೆ ಸಮನಾಗುವಂತೆ, ಇಲ್ಲವೇ ಅರ್ಧ ಇಂಚು ಹೊರಗೆ ಬರುವಂತೆ ಇಡಿ.

ಅನಂತರ ಅದನ್ನು ಕಿವಿಯ ಕಡೆಗೆ ತಿರುಗಿಸಬೇಕು. ಸೋಫಾದಲ್ಲಿ ಕುಳಿತವರ ಕಿವಿ ನೆಲದಿಂದ ಸುಮಾರು 39 ಇಂಚು ಎತ್ತರದಲ್ಲಿರುತ್ತದೆ. ಮೇಲ್ಹಲಗೆಯ ಮೇಲಿಟ್ಟ ಸ್ಪೀಕರಿನ ಮಧ್ಯಭಾಗ 27 ಇಂಚಿನ ಆಸುಪಾಸಿನಲ್ಲಿರುತ್ತದೆ. ಈ ವ್ಯತ್ಯಾಸವನ್ನು 120 ಇಂಚಿನ ದೂರದಿಂದ ಭಾಗಿಸಿ ಪೆಟ್ಟಿಗೆಯ ಆಳದಿಂದ ಗುಣಿಸಿದರೆ, ಮುಂಭಾಗವನ್ನು ಒಂದು ಇಂಚಿನಷ್ಟು ಎತ್ತಬೇಕೆಂಬ ಲೆಕ್ಕ ಸಿಗುತ್ತದೆ. ಎರಡು ಮರದ ಬೆಣೆಗಳು ಇದಕ್ಕೆ ಸಾಕು; ಬಾಗಿಲಿಗೆ ಒತ್ತುಕೊಡುವ ರಬ್ಬರಿನ ತುಂಡುಗಳು ಇನ್ನೂ ಮೇಲು, ಅವು ಜಾರುವುದಿಲ್ಲ. ಕೋನ ಸರಿಯಾಯಿತೇ ಎಂದು ನೋಡಲು ಸ್ಪೀಕರಿನ ಮುಖಕ್ಕೆ ಒಂದು ಪುಟ್ಟ ಕನ್ನಡಿಯನ್ನು ಚಪ್ಪಟೆಯಾಗಿ ಒತ್ತಿ ಹಿಡಿಸಿ, ನೀವು ಸೋಫಾದಲ್ಲಿ ಕುಳಿತು ನೋಡಿ. ನಿಮ್ಮ ಮುಖ ಕನ್ನಡಿಯಲ್ಲಿ ಕಂಡರೆ ಸ್ಪೀಕರ್ ನಿಮ್ಮನ್ನೇ ನೋಡುತ್ತಿದೆಯೆಂದು ಅರ್ಥ.

ಟಿ.ವಿ.ಯ ಮೇಲೆ ಬಿಗಿಸುವುದು ತಪ್ಪೇನಲ್ಲ. ಆದರೆ ನಿಮ್ಮ ಟಿ.ವಿ. ಈಗಾಗಲೇ ಎತ್ತರದಲ್ಲಿದೆ, ಮೇಲಿಟ್ಟರೆ ಸ್ಪೀಕರ್ ಕಿವಿಯ ಮಟ್ಟಕ್ಕಿಂತ ಎರಡಡಿಗೂ ಹೆಚ್ಚು ಮೇಲಕ್ಕೆ ಹೋಗಿ, ಎಡಬಲದ ಸ್ಪೀಕರುಗಳಿಂದ ದೂರವಾಗುತ್ತದೆ. ಆಗ ಪರದೆಯ ಎಡದಿಂದ ಬಲಕ್ಕೆ ಓಡುವ ವಾಹನದ ಸದ್ದು ನಡುವೆ ಒಮ್ಮೆ ಮೇಲಕ್ಕೆ ಹಾರಿ ಇಳಿದಂತೆ ಕೇಳಿಸುತ್ತದೆ.

ಉತ್ತರ 2

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೂ ಒಂದು ಪರೀಕ್ಷೆಯನ್ನು ಮೊದಲು ಮಾಡಿ ಎನ್ನುತ್ತೇನೆ. ರಿಸೀವರಿನಲ್ಲಿ (ಎಲ್ಲ ಸ್ಪೀಕರುಗಳಿಗೂ ಧ್ವನಿಯನ್ನು ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆಯಲ್ಲಿ) ಸೆಂಟರ್ ಸ್ಪೀಕರ್ ಇಲ್ಲವೆಂದು ಸೆಟ್ ಮಾಡಿದರೆ, ಅದರ ಪಾಲಿನ ಮಾತು ಎಡಬಲದ ಸ್ಪೀಕರುಗಳಿಗೆ ಸಮನಾಗಿ ಹಂಚಿಹೋಗಿ, ನಟ್ಟನಡುವೆ ಕುಳಿತವರಿಗೆ ಪರದೆಯಿಂದಲೇ ಬಂದಂತೆ ಕೇಳುತ್ತದೆ. ಆಗ ಮಾತು ತಿಳಿಯಾದರೆ ದೋಷ ಸ್ಪೀಕರಿನದ್ದೋ ಅದರ ಜಾಗದ್ದೋ ಇರಬೇಕು. ಆಗಲೂ ಮಸುಕಾಗಿದ್ದರೆ ಕೋಣೆಯದ್ದು. ಒಬ್ಬರೇ ನೋಡುವ ಮನೆಯಲ್ಲಿ ಇದೇ ಏರ್ಪಾಡನ್ನು ಕಾಯಂ ಆಗಿ ಇಟ್ಟುಕೊಳ್ಳಲೂಬಹುದು. ನಿಮ್ಮಲ್ಲಿ ದಿವಾನ ಇರುವುದರಿಂದ ಅದು ನಡೆಯದು: ಪಕ್ಕದಲ್ಲಿ ಕುಳಿತವರಿಗೆ ಮಾತೆಲ್ಲ ಹತ್ತಿರದ ಸ್ಪೀಕರಿಗೆ ವಾಲಿಬಿಡುತ್ತದೆ. ನಡುವಿನ ಸ್ಪೀಕರ್ ಹುಟ್ಟಿದ್ದೇ ಅಂಥವರಿಗಾಗಿ. 1933ರಲ್ಲಿ ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದ ವಾದ್ಯಗೋಷ್ಠಿಯೊಂದನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕೇಳಿಸಿದಾಗ ಎಡ, ನಡು, ಬಲ ಎಂದು ಮೂರು ಚಾನೆಲ್‌ಗಳನ್ನೇ (ಬೇರೆಬೇರೆ ಧ್ವನಿಯ ದಾರಿಗಳನ್ನೇ) ಬಳಸಿದ್ದರು.

ಉತ್ತರ 3

ದಿವಾನದ ಸಮಸ್ಯೆ ಜಾಗ ಬದಲಿಸಿದ ಮಾತ್ರಕ್ಕೆ ಪೂರ್ತಿ ಬಗೆಹರಿಯುವುದಿಲ್ಲವೆಂದು ಈಗಲೇ ಹೇಳಿಬಿಡುವುದು ನ್ಯಾಯ. ಅಡ್ಡಲಾಗಿ ಮಲಗಿಸಿದ ಪೆಟ್ಟಿಗೆಯಲ್ಲಿ ಎರಡು ವೂಫರ್‌ಗಳು ಒಂದೇ ಸ್ವರವನ್ನು ನುಡಿಸುತ್ತಿರುತ್ತವೆ. ನೇರ ಎದುರಿಗೆ ಕುಳಿತವರಿಗೆ ಎರಡರ ಧ್ವನಿಯೂ ಒಟ್ಟಿಗೇ ತಲುಪುತ್ತದೆ. ಪಕ್ಕದವರಿಗೆ ಒಂದು ಮೊದಲು, ಇನ್ನೊಂದು ತುಸು ತಡವಾಗಿ. ವೂಫರ್‌ಗಳ ಕೇಂದ್ರಗಳ ನಡುವೆ 30 ಸೆಂಟಿಮೀಟರ್ ಇದ್ದು, ಕೇಳುವವರು 30 ಡಿಗ್ರಿ ಪಕ್ಕದಲ್ಲಿದ್ದರೆ ದಾರಿಯ ವ್ಯತ್ಯಾಸ 15 ಸೆಂಟಿಮೀಟರ್ ಆಗುತ್ತದೆ. ಅದು 1140 ಹರ್ಟ್ಸ್ ಸ್ವರದ ಅರ್ಧ ತರಂಗದ ಉದ್ದ. ಆದ್ದರಿಂದ ಅಲ್ಲಿ ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. ಮಾತಿನ ಸ್ಪಷ್ಟತೆಗೆ ಬೇಕಾದ ಪಟ್ಟಿಯಲ್ಲೇ ಹಳ್ಳ ಬಿದ್ದಂತಾಯಿತು.

ನಿಮ್ಮ ಕೋಣೆಯ ಅಳತೆ ನೋಡಿದರೆ ದಿವಾನ ಹೆಚ್ಚುಕಡಿಮೆ ಆ 30 ಡಿಗ್ರಿಯಲ್ಲೇ ಇರುವಂತಿದೆ. ಅದನ್ನು ಗೋಡೆಯುದ್ದಕ್ಕೆ ಮೂರಡಿ ಹಿಂದೆ ಸರಿಸಿದರೆ ಕೋನ ಇಳಿಯುತ್ತದೆ. ಆಗ ಹಳ್ಳ ಮೇಲಿನ ಸ್ವರಗಳ ಕಡೆಗೆ ಸರಿಯುವುದೇ ಹೊರತು ಮಾಯವಾಗದು. ಮುಂದೆ ಎಂದಾದರೂ ಹೊಸದನ್ನು ಕೊಳ್ಳುವಾಗ, ಟ್ವೀಟರಿನ ಕೆಳಗೇ ನಡುವಣ ಸ್ವರಗಳನ್ನು ನುಡಿಸುವ ಒಂದು ಸಣ್ಣ ಮಿಡ್‌ರೇಂಜ್ ಇದ್ದು, ವೂಫರ್‌ಗಳು ತಗ್ಗು ಸ್ವರವನ್ನಷ್ಟೇ ನೋಡಿಕೊಳ್ಳುವ ತ್ರೀ-ವೇ ಮಾದರಿಯನ್ನು ಆರಿಸಿ. ಎಡಬಲದ ಸ್ಪೀಕರುಗಳ ಜಾತಿಯದೇ ಆಗಿದ್ದರೆ ಒಳ್ಳೆಯದು, ಇಲ್ಲದಿದ್ದರೆ ದನಿಯ ಬಣ್ಣ ಬದಲಾದದ್ದು ಕಿವಿಗೆ ಹೊಡೆಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೇಲ್ಹಲಗೆಯ ಮೇಲಿದ್ದ ಚನ್ನಪಟ್ಟಣದ ಬೊಂಬೆಗಳನ್ನೂ ಸೆಟ್ ಟಾಪ್ ಬಾಕ್ಸನ್ನೂ ಗೂಡಿಗೆ ಇಳಿಸಿ, ಸ್ಪೀಕರನ್ನು ಅಂಚಿಗೆ ತಂದು ಬೆಣೆ ಕೊಟ್ಟಿದ್ದೇವೆ. ಗಂಡಸರ ದನಿಯ ಗುಂಯ್‌ಗುಡುವಿಕೆ ಹೋಯಿತು; ದಿವಾನವನ್ನು ಸರಿಸಿದ ಮೇಲೆ ತಾಯಿಯವರಿಗೂ ಸ್ವಲ್ಪ ವಾಸಿ. ರಾತ್ರಿ ವಾಲ್ಯೂಮ್ ತಗ್ಗಿಸಿದಾಗ ಮಾತ್ರ ಮಾತು ಇನ್ನೂ ಹಿಂದುಳಿಯುತ್ತದೆ. ರಿಸೀವರಿನಲ್ಲಿ ಏನನ್ನಾದರೂ ಬದಲಿಸಬೇಕೇ? ಸೋಫಾದ ಮುಂದೆ ಗಾಜಿನ ಟೀಪಾಯಿ ಇರುವುದೂ ಕಾರಣವಾಗಿರಬಹುದೇ?

ಉತ್ತರ 1 ಬರೆದವರು

ಸ್ಪೀಕರಿನ ಜಾಗ ಬದಲಾದ ಮೇಲೆ ರಿಸೀವರ್ ಹಿಂದೆ ಮಾಡಿಕೊಂಡ ಧ್ವನಿಯ ಅಳತೆಗಳು ಕೆಲಸಕ್ಕೆ ಬಾರವು. ರಿಸೀವರಿನ ಜೊತೆ ಬಂದ ಮೈಕನ್ನು ಮತ್ತೆ ಜೋಡಿಸಿ ಅಳತೆ ಮಾಡಿಸಿ. ಮೈಕನ್ನು ಸೋಫಾದ ಒರಗಿನ ಮೇಲೆ ಇಡಬೇಡಿ. ಕ್ಯಾಮೆರಾದ ಮೂರುಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ಕಿವಿಯ ಎತ್ತರದಲ್ಲಿ ನಿಲ್ಲಿಸಿ. ಸಬ್‌ವೂಫರ್ (ಅತಿ ತಗ್ಗಿನ ಸ್ವರಕ್ಕೆಂದೇ ಇರುವ ಸ್ಪೀಕರ್) ಇದ್ದರೆ ಸೆಂಟರ್ ಸ್ಪೀಕರನ್ನು ‘ಸ್ಮಾಲ್’ ಎಂದೂ ಕ್ರಾಸ್‌ಓವರನ್ನು 80 ಹರ್ಟ್ಸ್ ಎಂದೂ ಇಡಿ; ಆಗ ಅದಕ್ಕಿಂತ ತಗ್ಗಿನ ಸ್ವರಗಳು ಸಬ್‌ವೂಫರಿಗೆ ಹೋಗುತ್ತವೆ. ಅನಂತರ ಸೆಂಟರಿನ ಮಟ್ಟವನ್ನು ಒಂದೆರಡು ಡೆಸಿಬೆಲ್ ಏರಿಸಬಹುದು. ಅದಕ್ಕಿಂತ ಹೆಚ್ಚಿದರೆ ಮಾತು ಚಿತ್ರದಿಂದ ಬೇರ್ಪಟ್ಟು ಎದುರಿಗೆ ಬಂದು ನಿಲ್ಲುತ್ತದೆ. ಇರುಳಿಗೆಂದೇ ಬಹುತೇಕ ರಿಸೀವರುಗಳಲ್ಲಿ ಜೋರಿನ ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುವ ಒಂದು ವ್ಯವಸ್ಥೆ ಇರುತ್ತದೆ, ಅದನ್ನು ಆಗ ಮಾತ್ರ ಹಾಕಿಕೊಳ್ಳಿ.

ಟೀಪಾಯಿಯ ಗಾಜು ಖಂಡಿತ ಪ್ರತಿಫಲಿಸುತ್ತದೆ. ಸಿನಿಮಾ ನೋಡುವಾಗ ಅದನ್ನು ಪಕ್ಕಕ್ಕೆ ಎಳೆದು, ಆ ಜಾಗದಲ್ಲಿ ದಪ್ಪನೆಯ ಜಮಖಾನೆ ಹಾಸಿ ನೋಡಿ.

ಇನ್ನೊಂದು ವಿಷಯ. ಚಿತ್ರ ಓಡುತ್ತಿರುವಾಗ ರಿಸೀವರಿನ ಮಾಹಿತಿ ಗುಂಡಿಯನ್ನು ಒತ್ತಿ, ಒಳಗೆ ಬರುತ್ತಿರುವುದು 5.1 ಚಾನೆಲ್ಲೋ (ಐದು ಸ್ಪೀಕರುಗಳಿಗೂ ಒಂದು ಸಬ್‌ವೂಫರಿಗೂ ಬೇರೆಬೇರೆ ಧ್ವನಿ) ಬರೀ ಸ್ಟೀರಿಯೋವೋ (ಎಡ, ಬಲ ಎರಡೇ) ಎಂದು ಗಮನಿಸಿ. ಆ್ಯಪ್ ಅಥವಾ ಸೆಟ್ ಟಾಪ್ ಬಾಕ್ಸ್ ಸ್ಟೀರಿಯೋವನ್ನಷ್ಟೇ ಕಳಿಸುತ್ತಿದ್ದರೆ ಸೆಂಟರಿಗೆ ಪ್ರತ್ಯೇಕ ಮಾತಿನ ಚಾನೆಲ್ ಇರುವುದೇ ಇಲ್ಲ. ರಿಸೀವರ್ ಎರಡು ಚಾನೆಲ್‌ಗಳಿಂದ ಹೆಕ್ಕಿ ಕೊಟ್ಟದ್ದನ್ನೇ ಅದು ನುಡಿಸುತ್ತದೆ. ಹಾಗಿದ್ದರೆ ಮೊದಲು ಸರಿಪಡಿಸಬೇಕಾದದ್ದು ಟಿ.ವಿ.ಯ ಆಡಿಯೋ ಔಟ್‌ಪುಟ್ ಸೆಟ್ಟಿಂಗನ್ನು.