ಪದ ಬೇಕು, ತುರ್ತು: ಇಸ್ತಾಂಬುಲ್‌ನ ಬೊಜಾ ಅಂಗಡಿ

ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಇಸ್ತಾಂಬುಲ್ ಬಗ್ಗೆ ನಾನು ಬರೆದ ಪ್ರವಾಸ ಲೇಖನ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ. ಸಂಪಾದಕರು ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದಾರೆ: "ವೆಫಾ ಬಡಾವಣೆಯಲ್ಲಿ 1876ರಿಂದ ನಡೆಯುತ್ತಿರುವ, ಕಿಣ್ವನಗೊಳಿಸಿದ ಸಿರಿಧಾನ್ಯ ಪಾನೀಯದ ಅಂಗಡಿ." ಇದನ್ನು ಓದಿದರೆ ಕುಡಿಯೋ ಆಸೆ ಹುಟ್ಟಲ್ಲ, ಪರೀಕ್ಷೆಯ ಭಯ ಹುಟ್ಟುತ್ತೆ ಅಂದರು.

ಕಂಡಿಲ್ಲದವರಿಗಾಗಿ ನಾಲ್ಕು ಮಾತು. ಈ ಪಾನೀಯದ ಹೆಸರು ಬೊಜಾ. ಧಾನ್ಯದ ನುಚ್ಚನ್ನು ಮೆತ್ತಗೆ ಬೇಯಿಸಿ, ಸೋಸಿ, ಸಕ್ಕರೆ ಹಾಕಿ, ಹಳೆಯ ಬೊಜಾ ಸ್ವಲ್ಪ ಬೆರೆಸಿ ಇಡುತ್ತಾರೆ. ಹುಳಿ ಬರುತ್ತದೆ. ಬಣ್ಣ ತಿಳಿ ಹಳದಿ. ಎಷ್ಟು ಗಟ್ಟಿ ಅಂದರೆ ಲೋಟದ ಜೊತೆ ಚಮಚವನ್ನೂ ಕೊಡುತ್ತಾರೆ. ಮೇಲೆ ಚಕ್ಕೆ ಪುಡಿ, ಹುರಿಗಡಲೆ. ಹುರಿಗಡಲೆಯನ್ನು ಎದುರಿನ ಅಂಗಡಿಯಲ್ಲಿ ಕೊಂಡು, ಪೊಟ್ಟಣ ಹಿಡಿದು ರಸ್ತೆ ದಾಟಿ ಬರುವುದು ಅಲ್ಲಿನ ರೂಢಿ. ಈಗಿನ ಕೊಸೊವೊದ ಪ್ರಿಜ್‌ರೆನ್‌ನಿಂದ ವಲಸೆ ಬಂದ ಹಾಜಿ ಸಾದಿಕ್ ಎಂಬುವರು ಶುರು ಮಾಡಿದ ಅಂಗಡಿ ಇದು. ಸುಲೇಮಾನಿಯೆ ಮಸೀದಿಯಿಂದ ನಡೆದೇ ಹೋಗಬಹುದು. 1937ರಲ್ಲಿ ತುರ್ಕಿಯ ಮೊದಲ ಅಧ್ಯಕ್ಷ ಅತಾತುರ್ಕ್ ಬೊಜಾ ಕುಡಿದ ಲೋಟವನ್ನು ಗೋಡೆಯಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. ಅದರ ಫೋಟೋ ಲೇಖನಕ್ಕಿದೆ, ಅದಕ್ಕೂ ಅಡಿಬರಹ ಬೇಕು.

ನನಗೆ ಬೇಕಾದ್ದು: 'ಕಿಣ್ವನಗೊಳಿಸಿದ' ಬದಲು ಒಂದು ಪದ, ಅಂಗಡಿಗೊಂದು ಹೆಸರು, ಮತ್ತೆ ಬರೆಯುವ ರೀತಿ. ಬೊಜಾ, ಬೋಜಾ, ಬೋಝಾ, ಯಾವುದು?

ಮೈಸೂರಿನಿಂದ:

ಕಿಣ್ವನ ಬೇಡವೇ ಬೇಡ. ಪಠ್ಯಪುಸ್ತಕದ ಮಕ್ಕಳಿಗೆ ಕಿಣ್ವ ಅಂದರೆ ಈಗ ಎನ್‌ಜೈಮ್. 'ಹುದುಗಿದ ಪಾನೀಯ' ಅಂದರೆ ಎಲ್ಲೋ ಅಡಗಿ ಕೂತ ಪಾನೀಯ. ಇನ್ನು ಈ 'ಪಾನೀಯ' ಯಾಕೆ? ಕುಡಿ ಎಂಬ ಧಾತು ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? ನನ್ನ ಸಲಹೆ: ಹುಳಿಗುಡಿತ. ಅಂಗಡಿಗೆ 'ಹುಳಿಗುಡಿತದ ಮನೆ'. ಮುಗಿಯಿತು.

ಶಿವಮೊಗ್ಗದಿಂದ:

ಮುಗಿದಿಲ್ಲ ಸ್ವಾಮಿ. ಕುಡಿತ ಅಂದರೆ ಚಟ. ಓದುಗರು ಮದ್ಯಪಾನ ಸಂಯಮ ಮಂಡಳಿಗೆ ಫೋನ್ ಮಾಡ್ತಾರೆ. ಅದು ಹುಳಿ ಬಂದ ಧಾನ್ಯದ ನೀರು ಅಂದಮೇಲೆ ಸುಮ್ನೆ 'ಹೆಂಡ' ಅನ್ನಿ. ಅಕ್ಕಿಯ ಹೆಂಡ ಇಲ್ವಾ? ಹಾಗೇ ಇದು.

ಬರ್ಲಿನ್‌ನಿಂದ:

ಹೆಂಡ ಅಲ್ಲ. ಇಲ್ಲಿನ ತುರ್ಕಿ ಅಂಗಡಿಗಳಲ್ಲಿ ಚಳಿಗಾಲದಲ್ಲಿ ಬಾಟಲಿಯಲ್ಲಿ ಸಿಗುತ್ತದೆ, ಮಕ್ಕಳೂ ಕುಡಿಯುತ್ತಾರೆ. ಆಲ್ಕೊಹಾಲ್ ಶೇ. 1ರ ಆಸುಪಾಸು ಅಷ್ಟೇ. ಆದರೆ ಶಿವಮೊಗ್ಗದವರ ಅನುಮಾನ ಹಳೆಯ ಕಾಲಕ್ಕೆ ಸರಿ. ಅಫೀಮು ಬೆರೆಸಿದ 'ತಾತಾರ್ ಬೊಜಾ' ಅಂತ ಒಂದಿತ್ತು, ಒಟ್ಟೊಮನ್ ಸುಲ್ತಾನ ಎರಡನೇ ಸೆಲೀಮ್ ಅದನ್ನು ನಿಲ್ಲಿಸಿದ. 17ನೇ ಶತಮಾನದಲ್ಲಿ ಸುಲ್ತಾನ ನಾಲ್ಕನೇ ಮೆಹ್ಮೆತ್ ಬೊಜಾ ಅಂಗಡಿಗಳನ್ನೇ ಮುಚ್ಚಿಸಿದ. ಅದೇ ಶತಮಾನದ ತುರ್ಕಿ ಪ್ರವಾಸಿ ಎವ್ಲಿಯಾ ಚೆಲೆಬಿ ಇಸ್ತಾಂಬುಲ್‌ನಲ್ಲಿ 300 ಬೊಜಾ ಅಂಗಡಿ ಇದ್ದವು ಅಂತ ಬರೆದಿದ್ದಾನೆ. ಅಮಲಿನದು, ಅಮಲಿಲ್ಲದ್ದು ಎರಡೂ ನಡೆಯುತ್ತಿತ್ತು. ವೆಫಾದ್ದು ಎರಡನೆಯದು. ಅದನ್ನು ಹೆಂಡ ಅಂದರೆ ಆ ಅಂಗಡಿಗೆ ಅನ್ಯಾಯ.

ಬರೆಯುವುದು 'ಬೊಜಾ'. ತುರ್ಕಿಯ ಒ ಹ್ರಸ್ವ. ನಮ್ಮಲ್ಲಿ ಹ್ರಸ್ವಕ್ಕೆ ಅಕ್ಷರ ಇರುವಾಗ ಹಿಂದಿಯವರ ಹಾಗೆ ಎಳೆಯುವುದು ಯಾಕೆ? ಝ ಅಂತೂ ಬೇಡ. ಬಜಾರು, ಜಮೀನು, ಅರ್ಜಿ, ಇವೆಲ್ಲ ಜ ಆಗಿಯೇ ಒಳಗೆ ಬಂದವು. ಕೆಳಗೆ ಚುಕ್ಕಿ ಇಡುವ ಶೋಕಿಯೂ ಬೇಡ.

ಶಿವಮೊಗ್ಗದಿಂದ:

ಬೊಜಾ ಅಂದರೆ ಬೊಜ್ಜು ನೆನಪಾಗುತ್ತೆ. ಅಷ್ಟು ಸಕ್ಕರೆ ಹಾಕಿದರೆ ಅದೇ ಸರಿ ಬಿಡಿ.

ಧಾರವಾಡದಿಂದ:

ಸರ, ಇಷ್ಟು ಹೊತ್ತು ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ನುಚ್ಚು ಅಥವಾ ಹಿಟ್ಟು ಬೇಯಿಸಿ, ಹುಳಿ ಬರಿಸಿ, ಕುಡಿಯುವ ಗಟ್ಟಿ ಪದಾರ್ಥಕ್ಕೆ ನಮ್ಮಲ್ಲಿ ಹೆಸರಿಲ್ಲವೇ? ಅಂಬಲಿ! ಜೋಳದ ಹಿಟ್ಟನ್ನು ಹುಳಿಗೆ ಹಾಕಿ ಮಾಡುವ ಅಂಬಲಿ ಕುಡಿದವರು ಯಾರೂ ಕಿಣ್ವನ, ಹುದುಗುವಿಕೆ ಅನ್ನಲಿಲ್ಲ. 'ಹುಳಿ ಬಂತು' ಅಂದರು, ಕುಡಿದರು. ಹುರಿಗಡಲೆ ಬದಲು 'ಪುಠಾಣಿ' ಹಾಕಿದರೆ ನಮ್ಮ ಕಡೆಯವರಿಗೂ ಅರ್ಥ ಆದೀತು.

ಇನ್ನೊಂದು. 'ಸಿರಿಧಾನ್ಯ' ಅನ್ನೋದು ಮೊನ್ನೆ ಮೊನ್ನೆ ಪ್ಯಾಕೆಟ್ ಮೇಲೆ ಹುಟ್ಟಿದ ಹೆಸರು. ರೈತ ಸಿರಿಧಾನ್ಯ ಬಿತ್ತೋದಿಲ್ಲ. ನವಣೆ ಬಿತ್ತುತ್ತಾನೆ, ಸಾಮೆ ಬಿತ್ತುತ್ತಾನೆ. ಯಾವ ಕಾಳು ಅಂತ ಮೊದಲು ಹೇಳಿ.

ಬರ್ಲಿನ್‌ನಿಂದ:

ತುರ್ಕಿಯಲ್ಲಿ 'ದಾರಿ' ಅನ್ನುತ್ತಾರೆ. ನಮ್ಮ ಬರಗು.

ಮೈಸೂರಿನಿಂದ:

ಬರಗು! ಬರ ಬಂದಾಗ ತಿನ್ನುವ ಕಾಳು, ಅದಕ್ಕೇ ಬರಗು. ಬರಗು ತಿನ್ನುವ ಕಾಲವೇ ಬರಗಾಲ. ನೋಡಿ, ನುಡಿ ಎಷ್ಟು ಚೆನ್ನಾಗಿ ಚರಿತ್ರೆ ಹೇಳುತ್ತದೆ.

ಶಿವಮೊಗ್ಗದಿಂದ:

ಹೇಳುತ್ತಿರುವುದು ನುಡಿ ಅಲ್ಲ, ನೀವು. ಬರ + ಕಾಲ, ಆದೇಶ ಸಂಧಿ. ಮಳೆಗಾಲದ ಹಾಗೆ. ಮಳೆಗಾಲದಲ್ಲಿ 'ಮಳೆಗು' ತಿನ್ನುತ್ತಿದ್ದರಾ?

ಇಬ್ಬರು ಬರಗಿಗೆ ಬಿದ್ದರೆ ಕೇಳಿದವರ ಪುಟ ಖಾಲಿ ಹೋಗುತ್ತೆ. ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ ಅಂತಾರಲ್ಲ, ಇಲ್ಲಿ ಅಂಬಲಿ ಬರುವ ಮುಂಚೆಯೇ ಮೀಸೆ ತಿಕ್ಕೋರು ನಾಲ್ಕು ಜನ.

ಮೈಸೂರಿನಿಂದ:

ಸಂಧಿ ನನಗೂ ಗೊತ್ತು. ಪ್ರಶ್ನೆ ಬೇರೆ. 'ಬೊಜಾ'ವನ್ನು ಹಾಗೇ ಇಳಿಸಿಕೊಂಡರೆ ನಾಳೆ ಪ್ರತಿಯೊಂದನ್ನೂ ಇಳಿಸಿಕೊಳ್ಳುತ್ತೀರಿ. ತುರ್ಕಿ ಪದಕ್ಕೆ ಕನ್ನಡದಲ್ಲಿ ಏನು ಕೆಲಸ?

ಬರ್ಲಿನ್‌ನಿಂದ:

ಕೆಲಸಕ್ಕೆ ಸೇರಿ ಬಹಳ ಕಾಲ ಆಯ್ತು ಸಾರ್. ತೋಪು, ತುಪಾಕಿ ಎರಡೂ ತುರ್ಕಿ ಮೂಲದವು, ಪರ್ಷಿಯನ್ ದಾಟಿ ಬಂದವು. ಅದಕ್ಕಿಂತ ಮಜಾ ಎಂದರೆ ಪ್ರತ್ಯಯ. ಬೊಜಾ ಮಾರುವವನು ತುರ್ಕಿಯಲ್ಲಿ 'ಬೊಜಾಜಿ'. ಆ ಕೊನೆಯ 'ಜಿ' ಗೌರವದ್ದಲ್ಲ. ಖಜಾಂಚಿ, ತಬಲ್ಚಿಗಳ ಬಾಲದಲ್ಲಿರುವ ಅದೇ 'ಚಿ'. ಅಂಗಡಿಯ ಫಲಕದಲ್ಲಿರುವ 'ವೆಫಾ ಬೊಜಾಜಿಸಿ'ಗೆ ಅರ್ಥ ವೆಫಾದ ಬೊಜಾದವನು, ಅಷ್ಟೇ. ನಮ್ಮ ಬ್ಯಾಂಕಿನ ಖಜಾಂಚಿಯನ್ನು ಮೊದಲು ಹೊರಗೆ ಹಾಕಿ, ಆಮೇಲೆ ಬೊಜಾ ಬಗ್ಗೆ ಮಾತಾಡೋಣ.

ಪದ ಕೂಡ ಇವತ್ತಿನದಲ್ಲ. 14ನೇ ಶತಮಾನದಲ್ಲಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಕಿಪ್ಚಾಕ್ ತುರ್ಕರ ನಾಡಿನಲ್ಲಿ ಇದೇ ಹೆಸರಿನ ಧಾನ್ಯದ ಪಾನೀಯ ಕಂಡಿದ್ದಾನೆ. ನಮ್ಮ ಹೊನ್ನಾವರಕ್ಕೂ ಬಂದು ಹೋದವನು ಅವನು. ಇಂಗ್ಲಿಷಿನ 'ಬೂಜ್' ಇದರಿಂದ ಬಂತು ಅಂತ ಯಾರಾದರೂ ಶುರು ಮಾಡುವ ಮೊದಲೇ ಹೇಳುತ್ತೇನೆ: ಅದು ಡಚ್ ಕಡೆಯಿಂದ ಬಂದದ್ದು.

ಮೈಸೂರಿನಿಂದ:

ಹಳೆಯ ಕಳವು ಇದೆ ಎಂದು ಹೊಸ ಕಳವಿಗೆ ಪರವಾನಗಿ ಸಿಗುವುದಿಲ್ಲ.

ಶಿವಮೊಗ್ಗದಿಂದ:

'ಪರವಾನಗಿ' ಎಲ್ಲಿಂದ ತಂದಿರಿ?

ಧಾರವಾಡದಿಂದ:

ನನ್ನದು ಕೊನೆಯ ಮಾತು. ಹೆಸರು ಅವರದು ಇರಲಿ, ವಿವರಣೆ ನಮ್ಮದಾಗಲಿ. ಇಡ್ಲಿಯನ್ನು ಇಸ್ತಾಂಬುಲ್‌ನವರು 'ಆವಿಯ ರೊಟ್ಟಿ' ಅಂತ ಬರೆದರೆ ನಾವು ಒಪ್ಪುತ್ತೇವೇನು? ಹಾಗೇ ಬರೀ 'ಅಂಬಲಿ ಅಂಗಡಿ' ಅಂತಲೂ ಬರೆಯಬೇಡಿ. ಓದಿದವರು ಉಪ್ಪು, ಮಜ್ಜಿಗೆ ನೆನೆಸಿಕೊಳ್ಳುತ್ತಾರೆ, ಚಕ್ಕೆ ಅಲ್ಲ.

ಬೆಂಗಳೂರಿನಿಂದ:

ಎಲ್ಲರಿಗೂ ಧನ್ಯವಾದ. ಪುಟ ಕಳಿಸಿಬಿಟ್ಟೆ. ಸಾಲು ಹೀಗಾಗಿದೆ: "ವೆಫಾ ಬಡಾವಣೆಯಲ್ಲಿ 1876ರಿಂದ ನಡೆಯುತ್ತಿರುವ ಬೊಜಾ ಅಂಗಡಿ. ಬರಗಿನ ನುಚ್ಚು ಬೇಯಿಸಿ, ಸಕ್ಕರೆ ಹಾಕಿ, ಹುಳಿ ಬರಿಸಿದ ಗಟ್ಟಿ ಅಂಬಲಿಯೇ ಬೊಜಾ." ಅಡಿಬರಹ: "ಅತಾತುರ್ಕ್ ಬೊಜಾ ಕುಡಿದ ಲೋಟ, 1937." ಹುರಿಗಡಲೆ ಹಾಗೇ ಉಳಿಯಿತು, ಧಾರವಾಡದವರು ಕ್ಷಮಿಸಬೇಕು.

ಮುಂದಿನ ಸಂಚಿಕೆಗೆ ಇನ್ನೊಂದಿದೆ. ಬೇಸಿಗೆಯಲ್ಲಿ ಅದೇ ಅಂಗಡಿ ಸ್ವಲ್ಪ ಹುಳಿ ಬಂದ ದ್ರಾಕ್ಷಿ ರಸ ಮಾರುತ್ತದೆ. ಹೆಸರು 'ಶಿರಾ'.

ಧಾರವಾಡದಿಂದ:

ನಮ್ಮಲ್ಲಿ ಶಿರಾ ಅಂದರೆ ರವೆಯದು. ತುಪ್ಪ ಸುರಿಯುತ್ತಿರಬೇಕು. ಈ ಪದಕ್ಕೆ ನಾನೇ ಜಗಳ ತೆಗೆಯುತ್ತೇನೆ.

ಬರ್ಲಿನ್‌ನಿಂದ:

ತುರ್ಕಿಯಲ್ಲಿ ಗಾದೆಯೇ ಇದೆ: ಬೊಜಾ ಮಾರುವವನಿಗೆ ಶಿರಾ ಮಾರುವವನು ಸಾಕ್ಷಿ. ಒಬ್ಬರನ್ನೊಬ್ಬರು ಹೊಗಳುವ ಪುಂಡರ ಜೋಡಿಗೆ ಹೇಳುವ ಮಾತು. ಈ ಪಟ್ಟಿಯಲ್ಲಿ ಅಂಥ ಜೋಡಿ ಸಿಗುವುದು ಕಷ್ಟ.

ಮೈಸೂರಿನಿಂದ:

ಅಚ್ಚಿಗೆ ಹೋದ ಸಾಲಿನಲ್ಲಿ 'ವೆಫಾ' ಎಂದಿದೆ. ಫ ಮಹಾಪ್ರಾಣ. ಕನ್ನಡದ ಬಾಯಿಗೆ 'ವೆಪಾ' ಸಾಕಿತ್ತು.

ಶಿವಮೊಗ್ಗದಿಂದ:

ನೀವು ಮೊದಲು 'ಕಾಪಿ' ಕುಡಿದು ಬನ್ನಿ.