ಮೂರು ಕಿಲೋ ಅಭಿನಂದನೆ

ರಂಗಪ್ಪನ ಅಂಗಡಿಯ ತಕ್ಕಡಿಯ ಮೇಲೆ ಸೀನಣ್ಣ ಆ ಅಭಿನಂದನ ಗ್ರಂಥವನ್ನು ಇಟ್ಟಾಗ ಅಂಕಿಗಳು ಓಡಿ ಓಡಿ 2 ಕಿಲೋ 960 ಗ್ರಾಮಿಗೆ ನಿಂತವು.

"ರಟ್ಟು ಸೇರಿ," ಎಂದರು ಮೇಷ್ಟರು. "ಬೆಲ್ಲವಾಗಿದ್ದರೆ ಡಬ್ಬದ ತೂಕ ಕಳೆಯಬೇಕಾಗುತ್ತಿತ್ತು."

"ಕಳೆದರೆ ಏನು ಉಳಿಯುತ್ತದೆಯೋ ಎಂದು ಹೆದರಿಕೆ," ಎಂದ ರಂಗಪ್ಪ.

ಸೀನಣ್ಣನಿಗೆ ಸಿಟ್ಟು ಬಂತು. "ನಿಮಗೆ ಎಲ್ಲವೂ ತಮಾಷೆ. ನಾಳೆ ಕುಲಪತಿಗಳ ಬೀಳ್ಕೊಡುಗೆ. ಎಂಬತ್ತನಾಲ್ಕು ಲೇಖನ, ನೂರಿಪ್ಪತ್ತು ಬಣ್ಣದ ಚಿತ್ರ. ಆರು ತಿಂಗಳಿಂದ ಸಂಪಾದಕ ಮಂಡಳಿಗೆ ನಿದ್ದೆಯಿಲ್ಲ."

"ವಿದ್ಯಾರ್ಥಿಗಳಿಗೆ ತರಗತಿಯೂ ಇಲ್ಲ," ಎಂದೆ ನಾನು.

ಮೇಷ್ಟರು ಅಷ್ಟರಲ್ಲಿ ಕನ್ನಡಕ ಏರಿಸಿ ಪರಿವಿಡಿಗೆ ಇಳಿದಿದ್ದರು. "'ನಾನು ಕಂಡ ಕುಲಪತಿಗಳು'. ಮುಂದಿನದು 'ನಾನು ಕಂಡಂತೆ ಕುಲಪತಿಗಳು'. ಆಮೇಲೆ 'ಕುಲಪತಿಗಳು: ನನ್ನ ಕಣ್ಣಲ್ಲಿ'. ನಾಲ್ಕು ವರ್ಷ ಇಷ್ಟು ಜನ ಸರದಿಯಲ್ಲಿ ನಿಂತು ಕಾಣುತ್ತಿದ್ದರೆ, ಪಾಪ, ಅವರು ಕೆಲಸ ಮಾಡಿದ್ದು ಯಾವಾಗ?"

"ನನ್ನದನ್ನು ಓದಿ ನೋಡಿ, ಆಮೇಲೆ ಮಾತನಾಡಿ."

"ಓದಿದೆನಪ್ಪ. ಮೊದಲ ಪುಟದಲ್ಲಿ ನೀನು ಹುಟ್ಟುತ್ತೀಯೆ. ಮೂರನೆಯ ಪುಟದಲ್ಲಿ ನಿನ್ನ ಪಿಎಚ್‌.ಡಿ. ಮುಗಿಯುತ್ತದೆ. ಆರನೆಯ ಪುಟದಲ್ಲಿ ಲಿಫ್ಟ್ ಕೆಟ್ಟು ನೀವಿಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತುತ್ತೀರಿ. ಕುಲಪತಿಗಳ ಪ್ರವೇಶ, ನಿರ್ಗಮನ ಎರಡೂ ಅಲ್ಲೇ."

"ಏದುಸಿರು ಬರುತ್ತಿದ್ದರೂ ಅವರು ನನ್ನ ಯೋಗಕ್ಷೇಮ ವಿಚಾರಿಸಿದರು. ಅದು ಅವರ ಸರಳತೆ!"

"ಅದು ಲಿಫ್ಟಿನ ಸರಳತೆ."

ರಂಗಪ್ಪ ಎಲ್ಲರಿಗೂ ಒಂದೊಂದು ಹಿಡಿ ಹುರಿಗಡಲೆ ಕೊಟ್ಟು, ಹಿಂದಿನ ಕಾಲದಲ್ಲೂ ಹೀಗೆಯೇ ಗ್ರಂಥ ತೂಗುತ್ತಿದ್ದರೇ ಎಂದು ಕೇಳಿದ. ಮೇಷ್ಟರಿಗೆ ಅಷ್ಟು ಸಾಕಾಗಿತ್ತು.

"1941ರಲ್ಲಿ ಬಿ.ಎಂ.ಶ್ರೀ ಅವರಿಗೆ ಒಂದು ಗ್ರಂಥ ಅರ್ಪಿಸಿದರು. ಹೆಸರು 'ಸಂಭಾವನೆ'. ಶಿಷ್ಯರು, ಸ್ನೇಹಿತರು ತಮ್ಮ ತಮ್ಮ ವಿದ್ವತ್ತನ್ನು ತಂದು ಗುರುಗಳ ಮುಂದೆ ಇಟ್ಟರು. ಈಗಲೂ ಸಂಭಾವನೆ ಉಂಟು, ಇಲ್ಲವೆನ್ನಲಾರೆ. ಸೀನಣ್ಣ, ವಿಭಾಗಕ್ಕೆ ಎಷ್ಟು ವಸೂಲಿ ಮಾಡಿದಿರಿ?"

ಸೀನಣ್ಣ ಹುರಿಗಡಲೆ ಅಗಿಯುತ್ತಿದ್ದುದರಿಂದ ಉತ್ತರ ಬರಲಿಲ್ಲ.

"ಕುವೆಂಪು ಮೈಸೂರು ವಿಶ್ವವಿದ್ಯಾಲಯದಲ್ಲಿ ಇದೇ ಹುದ್ದೆಯಲ್ಲಿ 1956ರಿಂದ 60ರವರೆಗೆ ಇದ್ದರು. ನಾಲ್ಕೇ ವರ್ಷ, ನಿಮ್ಮವರಷ್ಟೇ. ಅಷ್ಟರಲ್ಲಿ ಮಾನಸಗಂಗೋತ್ರಿಯ ಆವರಣ ಎದ್ದು ನಿಂತಿತು. ಆಗ ಆ ಹುದ್ದೆಗೆ ಉಪಕುಲಪತಿ ಎನ್ನುತ್ತಿದ್ದರು. ಮುಂದೆ ಯಾರಿಗೋ 'ಉಪ' ಚುಚ್ಚಿರಬೇಕು, ಕಿತ್ತು ಹಾಕಿ ಕುಲಪತಿ ಮಾಡಿದರು. ಕುಲಪತಿ ಎಂದರೆ ಯಾರು ಗೊತ್ತೇ ರಂಗಪ್ಪ? ಹತ್ತು ಸಾವಿರ ಶಿಷ್ಯರಿಗೆ ಅನ್ನ ಹಾಕಿ ವಿದ್ಯೆ ಹೇಳುವವನು."

"ಅನ್ನದ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಅವರ ಹಾಸ್ಟೆಲಿನ ಅಕ್ಕಿಯ ಬಿಲ್ಲು ಯುಗಾದಿಯಿಂದ ಬಾಕಿ ಇದೆ."

"ಅದು ಹಣಕಾಸು ವಿಭಾಗ!" ಎಂದು ಸೀನಣ್ಣ ಕೂಗಿದ.

"ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾವಟೆಯವರು," ಮೇಷ್ಟರು ನಿಲ್ಲುವಂತೆ ಕಾಣಲಿಲ್ಲ, "1954ರಿಂದ 1967. ಹದಿಮೂರು ವರ್ಷ. ರಂಗಪ್ಪ, ನಾಲ್ಕು ವರ್ಷಕ್ಕೆ 2 ಕಿಲೋ 960 ಆದರೆ ಹದಿಮೂರಕ್ಕೆ?"

ರಂಗಪ್ಪ ಕ್ಯಾಲ್ಕುಲೇಟರ್ ಒತ್ತಿದ. "9 ಕಿಲೋ 620 ಗ್ರಾಂ."

"ನೋಡು, ಅಷ್ಟು ಅಭಿನಂದನೆ ಹೊತ್ತುಕೊಂಡು ಆ ಗುಡ್ಡ ಹತ್ತುವುದಕ್ಕೆ ಆಗುತ್ತಿತ್ತೇ? ಅವರು ಗುಡ್ಡದ ಮೇಲೆ ವಿಶ್ವವಿದ್ಯಾಲಯ ಕಟ್ಟಿ ಹೋದರು, ಅದನ್ನು ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ. ಇನ್ನು ಬೆಂಗಳೂರಿನ ಎಚ್. ನರಸಿಂಹಯ್ಯನವರು ಕುಲಪತಿಯಾಗಿದ್ದವರು, ಕೊನೆಯವರೆಗೂ ಬದುಕಿದ್ದು ವಿದ್ಯಾರ್ಥಿನಿಲಯದ ಕೋಣೆಯಲ್ಲಿ. ಈ ಗ್ರಂಥ ಕೊಟ್ಟಿದ್ದರೆ ಅವರೋ ಅದೋ ಯಾರಾದರೊಬ್ಬರು ಹೊರಗೆ ಮಲಗಬೇಕಾಗುತ್ತಿತ್ತು."

ಸಾವಿರ ಪ್ರತಿಗಳನ್ನು ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ಕೇಳಬಾರದಿತ್ತು. ಸೀನಣ್ಣನ ಮುಖ ಅರಳಿತು.

"ಅದಕ್ಕೆ ಸರ್ಕಾರವೇ ದಾರಿ ತೋರಿಸಿದೆ. 2021ರಲ್ಲಿ ಆದೇಶ ಆಯಿತಲ್ಲ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಪುಸ್ತಕ ಕೊಡಿ ಎಂದು? ಇನ್ನು ಮುಂದೆ ಯಾವ ಅತಿಥಿ ಬಂದರೂ ಈ ಗ್ರಂಥ. ಹಿಂದಿನ ಕುಲಪತಿಗಳದ್ದು ಇನ್ನೂ ಆರುನೂರು ಪ್ರತಿ ಉಗ್ರಾಣದಲ್ಲಿದೆ. ನಾಳೆ ಇವರಿಗೆ ಅದನ್ನೇ ಕೊಡುತ್ತೇವೆ."

"ಅಂದರೆ ಇವರ ಬೀಳ್ಕೊಡುಗೆಗೆ ಅವರ ಗ್ರಂಥ?"

"ಇವರದ್ದನ್ನು ಮುಂದೆ ಬರುವವರು ಹೋಗುವಾಗ ಕೊಟ್ಟರಾಯಿತು."

ಮೇಷ್ಟರು ಗ್ರಂಥವನ್ನು ಮುಚ್ಚಿದರು. "ಒಳ್ಳೆಯ ಆದೇಶವನ್ನು ಹೀಗೂ ಪಾಲಿಸಬಹುದೆಂದು ಪಾಪ ಸರ್ಕಾರಕ್ಕೂ ಹೊಳೆದಿರಲಿಕ್ಕಿಲ್ಲ. ಶಾಲಾಗಿದ್ದರೆ ಮಳೆಗಾಲಕ್ಕೆ ಹೊದೆಯಬಹುದಿತ್ತು."

(ಹಿಂದಿನವರ ಗ್ರಂಥ ನನ್ನ ಮನೆಯಲ್ಲೇ ಮೂರಿದೆ. ರಸಪ್ರಶ್ನೆಗೆ ತೀರ್ಪುಗಾರನಾಗಿ ಹೋದಾಗ ಒಂದು, ರಾಜ್ಯೋತ್ಸವಕ್ಕೆ ಒಂದು. ಮೂರನೆಯದು ಹೇಗೆ ಬಂತೋ ತಿಳಿಯದು. ಫ್ರಿಜ್ಜಿಗೆ ನಾಲ್ಕು ಕಾಲಿರುವುದರಿಂದ ಇನ್ನೊಂದು ಸಿಕ್ಕರೆ ಅನುಕೂಲ.)

ರಂಗಪ್ಪ ತಕ್ಕಡಿಯ ಮೇಲಿನ ಧೂಳು ಒರೆಸುತ್ತಿದ್ದವನು ಇದ್ದಕ್ಕಿದ್ದಂತೆ ಕೇಳಿದ: "ಇವರ ಕಾಲದಲ್ಲೇ ಅಲ್ಲವೇ ಅಂಕಪಟ್ಟಿ ಸರಿಯಾದ ಹೊತ್ತಿಗೆ ಬರಲು ಶುರುವಾದದ್ದು?"

"ಇರಬಹುದು," ಎಂದ ಸೀನಣ್ಣ.

"ಇರಬಹುದಲ್ಲ, ಇವರದ್ದೇ. ನನ್ನ ದೊಡ್ಡವಳ ಅಂಕಪಟ್ಟಿ ಹದಿನಾಲ್ಕು ತಿಂಗಳು ಬರಲಿಲ್ಲ. ಬ್ಯಾಂಕಿನವರು ಎರಡು ಸಲ ಗಡುವು ಕೊಟ್ಟು ಆಮೇಲೆ ಬೇರೆಯವರನ್ನು ಕರೆದರು. ಚಿಕ್ಕವಳದ್ದು ನಲವತ್ತು ದಿನಕ್ಕೆ ಬಂತು. ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು."

ಒಳಗೆ ದೊಡ್ಡವಳು ಸಕ್ಕರೆಯ ಪೊಟ್ಟಣ ಕಟ್ಟುತ್ತಿದ್ದಳು. ಮಾತು ಕೇಳಿಸಿರಬೇಕು, ಕೈ ಮಾತ್ರ ನಿಲ್ಲಲಿಲ್ಲ.

"ಇದು ಯಾವ ಪುಟದಲ್ಲಿದೆ?" ಎಂದು ಮೇಷ್ಟರು ಮೆಲ್ಲಗೆ ಕೇಳಿದರು.

ಸೀನಣ್ಣ ಹಿಂದೆ ಮುಂದೆ ತಿರುವಿದ. ಘಟಿಕೋತ್ಸವದ ಚಿತ್ರ, ಸಸಿ ನೆಡುವ ಚಿತ್ರ, ವಿದೇಶ ಪ್ರವಾಸ, ಮತ್ತೆ ಸಸಿ. "ಇಲ್ಲ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅಂಕಪಟ್ಟಿ ಹೊತ್ತಿಗೆ ಸರಿಯಾಗಿ ಬಂದದ್ದರ ಚಿತ್ರ ತೆಗೆಯುವುದು ಹೇಗೆ, ಮೇಷ್ಟರೇ?" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಮೇಷ್ಟರ ಬಳಿಯೂ ಅದಕ್ಕೆ ಮಾತಿರಲಿಲ್ಲ. ಹುರಿಗಡಲೆಯ ಸಿಪ್ಪೆ ಊದುತ್ತ ಕುಳಿತರು.

ಮರುದಿನ ಸಮಾರಂಭಕ್ಕೆ ನಾವು ಮೂವರೂ ಹೋದೆವು. ರಂಗಪ್ಪ ಅಂಗಡಿಯನ್ನು ಮಗಳಿಗೆ ಒಪ್ಪಿಸಿ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದ. ಮುಖ್ಯ ಅತಿಥಿ ಐವತ್ತು ನಿಮಿಷ ತಮ್ಮ ಬಾಲ್ಯದ ಬಗ್ಗೆ ಮಾತನಾಡಿದರು. ಆದೇಶವಿದ್ದರೂ ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಸಿದ್ಧ ಮೈಸೂರು ಪೇಟವೊಂದು ಬಂದು ಕುಲಪತಿಗಳ ಹುಬ್ಬಿನವರೆಗೆ ಇಳಿಯಿತು. ಹಿಂದಿನವರ ಗ್ರಂಥವನ್ನು ಇಬ್ಬರು ಹಿಡಿದು ಕೊಟ್ಟರು. ಊಟದ ವಾಸನೆ ಸಭಾಂಗಣಕ್ಕೆ ನುಗ್ಗಿದ ಮೇಲೆ, ಕೊನೆಗೂ ಅವರಿಗೆ ಮೈಕು ಸಿಕ್ಕಿತು.

ಎಲ್ಲರಿಗೂ ಕೃತಜ್ಞತೆ ಹೇಳಿದರು. ಇನ್ನೇನು ಕೂರಬೇಕು, ಮೈಕಿನಲ್ಲೇ ಮೌಲ್ಯಮಾಪನ ಕುಲಸಚಿವರ ಕಡೆ ತಿರುಗಿ, "ನಾಲ್ಕನೆಯ ಸೆಮಿಸ್ಟರಿನ ಫಲಿತಾಂಶ ಇವತ್ತು ಬಿಡಬೇಕಿತ್ತು. ಬಿಟ್ಟಿರಾ?" ಎಂದರು.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಚಪ್ಪಾಳೆಯೂ ಬಿತ್ತು. ಕುಲಸಚಿವರೂ ನಕ್ಕು ಕೈಮುಗಿದರು. ಅವರು ಮಾತ್ರ ಪೇಟವನ್ನು ಒಂದು ಕೈಯಿಂದ ಮೇಲಕ್ಕೆ ತಳ್ಳಿ ಹಿಡಿದುಕೊಂಡು, ಉತ್ತರಕ್ಕಾಗಿ ನಿಂತೇ ಇದ್ದರು.